ಎಡಕ್ಕೆ ಒಬ್ಬನೇ ಇದ್ದ

ನಮ್ಮ ಟೀಮಿನಲ್ಲಿ ಗೋಲು ಹೊಡೆಯುವವರು ಐದು ಜನ ಇದ್ದರು. ಗೋಲ್ ಕೀಪರುಗಳು ಮೂವರು. ನಡುವೆ ಆಡುವವರಂತೂ ಬೆಂಚಿನ ಮೇಲೆ ಕುಂಡಿ ಊರಲು ಜಾಗ ಸಾಲದಷ್ಟು. ಎಡಗಡೆಯ ಹಿಂಭಾಗ ಕಾಯಲು, ಅಂದರೆ ಲೆಫ್ಟ್ ಬ್ಯಾಕ್ ಆಡಲು, ಒಬ್ಬನೇ ಒಬ್ಬ. ಅವನು ದುರುಗೇಶ್, ನನ್ನ ತಂಗಿ ಪಲ್ಲವಿಯ ಗಂಡ.

ನಾನು ಜಂಬುನಾಥ, ಸಂಡೂರಿನ ಗಂಡಿ ಎಫ್‌ಸಿಯ ಕ್ಯಾಪ್ಟನ್. ದುರುಗೇಶನ ಪಕ್ಕದಲ್ಲೇ, ಹಿಂಭಾಗದ ನಡು ಕಾಯುವ ಸ್ಟಾಪರ್ ಆಗಿ ಆರು ವರ್ಷ ಆಡಿದವನು. ನನಗೆ ಸಿಟ್ಟು ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಹೌದು, ಜಾಸ್ತಿ. ಸಂಡೂರಿಗೆ ಹೋಗುವ ದಾರಿಯಲ್ಲಿ ಎರಡು ಗುಡ್ಡಗಳ ನಡುವಿನ ಸಂದಿಗೆ ಗಂಡಿ ಅನ್ನುತ್ತಾರಲ್ಲ, ಆ ಹೆಸರನ್ನೇ ಯಾರೋ ಪುಣ್ಯಾತ್ಮ ಟೀಮಿಗೆ ಇಟ್ಟಿದ್ದ. ಎದುರಾಳಿಗಳಿಗೆ ಬಾಯಿಗೆ ಸಕ್ಕರೆ ಹಾಕಿದಂತಾಯಿತು. ಗಂಡಿ ಟೀಮಿನ ಗಂಡಿ ಎಡಕ್ಕೈತಿ ಅಂತ ಎಲ್ಲ ಊರಿನಲ್ಲೂ ನಕ್ಕರು. ನಗದೆ ಏನು ಮಾಡುತ್ತಾರೆ? ನಿಜವನ್ನೇ ಹೇಳುತ್ತಿದ್ದರು.

ಕೊನೆಯ ಮ್ಯಾಚಿಗೆ ನಾಲ್ಕು ದಿನ ಇದ್ದಾಗ ಮ್ಯಾನೇಜರ್ ದೊಡ್ಡಬಸಪ್ಪನವರ ಮುಂದೆ ನಿಂತೆ. ಪ್ರಾಕ್ಟೀಸ್ ಮುಗಿದಿತ್ತು. ಮೊಣಕಾಲಿನವರೆಗೂ ಕೆಂಪು ಧೂಳು.

"ಸರ್, ಎಡಕ್ಕ ಇನ್ನೊಬ್ಬ ಬೇಕ್ರಿ. ದುರುಗ ಹದಿನಾಕು ಮ್ಯಾಚು ಸತತ ಆಡ್ಯಾನ. ತೊಡಿ ಹಿಡ್ಕಂಡೈತಿ. ಓಡಾಕ ಆಗವಲ್ದು."

"ಎಡಗಾಲಿನೋರು ಎಲ್ಲಿ ಸಿಗ್ತಾರೋ ಮಾರಾಯ? ಇದೊಂದು ದಾಟ್ಲಿ."

"ಮುಂದ ಆಡೋರ್ನ ಐದು ಮಂದಿ ಹೆಂಗ ಸಿಕ್ರು?"

"ಗೋಲು ಹೊಡೆಯೋನ್ನ ನೋಡಾಕ ಜನ ಬರ್ತಾರ. ಲೆಫ್ಟ್ ಬ್ಯಾಕ್ ನೋಡಾಕ ಯಾವನು ಬರ್ತಾನ?"

ಕೈಯಲ್ಲಿದ್ದ ಬೂಟನ್ನು ಗೋಡೆಗೆ ಬೀಸಿ ಒಗೆದೆ. ದೊಡ್ಡಬಸಪ್ಪ ಹಿಂತಿರುಗಿಯೂ ನೋಡದೆ ನಡೆದರು. ದುರುಗೇಶ ಆ ಬೂಟನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಇಟ್ಟ. "ಆಡ್ತೀನಿ ಬಿಡ್ರಿ ಭಾವ," ಅಂದ. ಅವನು ಹಾಗೆಯೇ. ಹೇಳಿದ್ದಕ್ಕೆಲ್ಲ ಹೂಂ ಅನ್ನುವ ಮನುಷ್ಯ. ಮನೆಯಲ್ಲಿ ಜಿರಲೆ ಬಂದರೆ ಪಲ್ಲವಿಯೇ ಹೊಡೆಯಬೇಕು, ಇವನು ಹೊರಗೆ ಓಡಿಸಲು ನೋಡುತ್ತಾನೆ.

ಇನ್ನು ನಮ್ಮ "ಬಿಡು". ಇದನ್ನು ಬಿಡಿಸಿ ಹೇಳದೆ ಮುಂದೆ ಹೋಗುವಂತಿಲ್ಲ. "ಅವನ್ನ ಬಿಡು" ಅಂದರೆ ಅವನನ್ನು ಹೋಗಗೊಡು, ನಾನು ನೋಡಿಕೊಳ್ಳುತ್ತೇನೆ ಅಂತ. "ಅವನಿಗೆ ಬಿಡು" ಅಂದರೆ ಒಂದು ಕೊಡು, ಬಾರಿಸು ಅಂತ. ಕಪಾಳಕ್ಕೆ ಬಿಡುವುದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತಿರುವ ಮಾತು. ಆದರೆ ಓಡುವ ಆಟದಲ್ಲಿ ಅವನ್ನ, ಅವನಿಗೆ ಅಂತ ವ್ಯಾಕರಣ ಹೇಳುತ್ತಾ ನಿಲ್ಲಲು ಪುರುಸೊತ್ತು ಯಾರಿಗಿದೆ? "ಬಿಡಲೇ!" ಅಷ್ಟೆ. ಯಾವ ಬಿಡು ಅಂತ ದುರುಗೇಶ ನನ್ನ ದನಿಯಿಂದಲೇ ತಿಳಿಯುತ್ತಿದ್ದ. ಆರು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಆವತ್ತೂ ತಪ್ಪಲಿಲ್ಲ.

ಹೊಸಪೇಟೆಯ ಮೈದಾನ, ಏಪ್ರಿಲ್ ತಿಂಗಳ ಮೂರೂವರೆಯ ಬಿಸಿಲು. ಸೋಲದಿದ್ದರೆ ಲೀಗಿನಲ್ಲಿ ಉಳಿಯುತ್ತೇವೆ, ಸೋತರೆ ಕ್ಲಬ್ಬೇ ಮುಚ್ಚುತ್ತದೆ. ಎದುರಿಗೆ ಬೆಂಗಳೂರಿನ ಟೀಮು. ಅವರ ಬಲಗಡೆ ಓಡುವವನು ನಮ್ಮ ಕಂಪ್ಲಿಯ ವಿಜಯಕುಮಾರ್. ಜಿಂಕೆ ಕಣ್ರೀ ಅವನು. ಹತ್ತನೇ ನಿಮಿಷಕ್ಕೇ ದುರುಗೇಶನ ತೊಡೆ ಅವನಿಗೆ ಅರ್ಥವಾಗಿಹೋಯಿತು. ಆಮೇಲೆ ಪ್ರತಿ ಚೆಂಡೂ ಆ ಕಡೆಗೇ. ಒಂದು ಸಲ ದಾಟಿದ, ಎರಡು ಸಲ ದಾಟಿದ, ಮೂರನೆಯ ಸಲ ದಾಟುವಾಗ ಮೊಣಕೈಯನ್ನು ದುರುಗೇಶನ ಬಾಯಿಗೆ ಇಟ್ಟು ಹೋದ. ತುಟಿ ಸೀಳಿತು. ರೆಫರಿ ಮೋಡ ನೋಡುತ್ತಿದ್ದ, ಏಪ್ರಿಲಿನಲ್ಲಿ!

ನಾನು ಸುಮ್ಮನಿರುವ ಜಾತಿಯೇ? ಮುಂದಿನ ಕಾರ್ನರಿನಲ್ಲಿ ವಿಜಯಕುಮಾರನ ಪಕ್ಕೆಗೆ ಮೊಣಕಾಲು ಕೊಟ್ಟೆ. ಅವನು ಬಗ್ಗಿ ಕೆಮ್ಮಿದ, ಎದ್ದ, ಹೆಡ್ ಮಾಡುವ ನೆಪದಲ್ಲಿ ತಲೆಯನ್ನು ನನ್ನ ಹುಬ್ಬಿಗೆ ಚಚ್ಚಿದ. ರಕ್ತ ಕಣ್ಣಿಗಿಳಿಯಿತು. ಬಟ್ಟೆ ಸುತ್ತಿಕೊಂಡು ಆಡಿದೆ. ವಿರಾಮದ ಹೊತ್ತಿಗೆ ಇಬ್ಬರಿಗೂ ಒಂದೊಂದು ಗೋಲು. ದುರುಗೇಶ ಬೆಂಚಿನ ಮೇಲೆ ಮಲಗಿ ತೊಡೆಗೆ ಐಸ್ ಒತ್ತಿಸಿಕೊಳ್ಳುತ್ತಾ, ಬಾಯಲ್ಲಿನ ರಕ್ತವನ್ನು ಬಾಟಲಿಗೆ ಉಗುಳುತ್ತಿದ್ದ. ನನ್ನ ಕಣ್ಣು ಬೆಂಚಿನ ಉದ್ದಕ್ಕೂ ಹೋಯಿತು. ಏಳು ಜನ ಕೂತಿದ್ದಾರೆ, ಒಬ್ಬನೂ ಆ ಜಾಗಕ್ಕೆ ಬರುವವನಲ್ಲ.

ಎಪ್ಪತ್ತೊಂದನೇ ನಿಮಿಷ. ವಿಜಯಕುಮಾರ್ ಮತ್ತೆ ಬಂದ. ದುರುಗೇಶ ಎರಡು ಹೆಜ್ಜೆ ಹಿಂದಿದ್ದ, ಒಂದು ಕಾಲು ಎಳೆಯುತ್ತಿದ್ದ. ವಿಜಯಕುಮಾರ್ ಒಳಗೆ ತಿರುಗಿದರೆ ಗೋಲು, ಗೋಲಾದರೆ ಎಲ್ಲ ಮುಗಿಯಿತು. ಅದಕ್ಕಿಂತ ಹೆಚ್ಚಾಗಿ, ಯಾಕೆ ಸುಳ್ಳು ಹೇಳಲಿ, ಅವನು ನಗುತ್ತಿದ್ದ. ಆ ನಗು ನನಗೆ ತಡೆಯಲಾಗಲಿಲ್ಲ. ಅವನ ಕಾಲು ಮುರಿಯಬೇಕು ಅನ್ನಿಸಿತು. ಗಂಟಲು ಹರಿಯುವಂತೆ ಕೂಗಿದೆ.

"ಬಿಡಲೇ! ಬಿಡಲೇ ದುರುಗಾ!"

ದುರುಗೇಶ ನೆಲಬಿಟ್ಟು ಹಾರಿದ. ಎರಡೂ ಬೂಟು ಮುಂದೆ. ಚೆಂಡು ಎಲ್ಲೋ ಹೋಗಿತ್ತು. ನೆಲಕ್ಕೆ ಊರಿದ್ದ ವಿಜಯಕುಮಾರನ ಬಲಗಾಲಿಗೆ, ಪಾದದ ಮೇಲೆ ಒಂದು ಗೇಣು ಎತ್ತರದಲ್ಲಿ ಬಿತ್ತು ಏಟು. ಕಬ್ಬು ಮುರಿದ ಸದ್ದು. ಅವನು ಬಿದ್ದಾಗ ಪಾದ ಒಂದು ದಿಕ್ಕಿಗೆ, ಮೊಣಕಾಲು ಇನ್ನೊಂದು ದಿಕ್ಕಿಗೆ ನೋಡುತ್ತಿದ್ದವು. ಸಾಕ್ಸಿನ ಒಳಗಿಂದ ಮೂಳೆ ಬಟ್ಟೆಯನ್ನು ಎತ್ತಿ ಹಿಡಿದಿತ್ತು. ಅವನು ಮೊದಲು ಕೂಗಲಿಲ್ಲ. ಕಾಲನ್ನು ನೋಡಿದ, ಆಮೇಲೆ ಕೂಗಿದ.

ಆಮೇಲಿನದು ಆಟವಲ್ಲ. ಅವರ ಸ್ಟಾಪರ್ ಬಂದು ದುರುಗೇಶನ ಮುಖಕ್ಕೆ ಒದ್ದ. ನಾನು ಆ ಸ್ಟಾಪರನ ಕುತ್ತಿಗೆ ಹಿಡಿದು ಕೆಡವಿ, ಎದೆಯ ಮೇಲೆ ಕೂತು ಗುದ್ದಿದೆ. ಕಂಪ್ಲಿಯಿಂದ ಎರಡು ಟೆಂಪೊ ತುಂಬ ಬಂದಿದ್ದ ಜನ ಬೇಲಿ ಹಾರಿದರು, ನಮ್ಮ ಸಂಡೂರಿನವರು ಈ ಕಡೆಯಿಂದ ಹಾರಿದರು. ಪ್ಲಾಸ್ಟಿಕ್ ಕುರ್ಚಿಗಳು ಗಾಳಿಯಲ್ಲಿದ್ದವು. ಲೈನ್ಸ್‌ಮನ್ನನ ಬಾವುಟದ ಕೋಲಿನಿಂದಲೇ ಅವನಿಗೆ ಬಾರಿಸಿದರು. ಪೊಲೀಸರ ಲಾಠಿ ಯಾರು ಎತ್ತ ಅಂತ ನೋಡಲಿಲ್ಲ, ನನ್ನ ಬೆನ್ನಿಗೂ ಎರಡು ಬಿದ್ದವು. ಇಷ್ಟೆಲ್ಲದರ ನಡುವೆ ದುರುಗೇಶ ಎದ್ದು ಕೂತು ತನ್ನ ಬೂಟುಗಳನ್ನೇ ನೋಡುತ್ತಿದ್ದ.

ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ಹೊರಗಿನಿಂದ ಕಲ್ಲು ಬೀಳುತ್ತಿದ್ದವು. ದೊಡ್ಡಬಸಪ್ಪನವರ ಮುಖ ಬಿಳಿಚಿತ್ತು.

"ಏನು ಹೇಳ್ದಿ ಜಂಬುನಾಥ ಅವನಿಗೆ? ಏನು ಕೂಗಿದಿ ನೀನು?"

ಎಲ್ಲರೂ ನನ್ನನ್ನು ನೋಡಿದರು. ದುರುಗೇಶನೂ ನೋಡಿದ.

"ಬಿಡು ಅಂದ್ನಿ," ಅಂದೆ. "ಬಿಡು ಅಂತ ಅಂದ್ನಿ, ಅಷ್ಟ."

ಸುಳ್ಳು ಹೇಳಲಿಲ್ಲ ನೋಡಿ ನಾನು. ಅಂದದ್ದನ್ನೇ ಅಂದೆ. ಆದರೆ ಮೈದಾನದ ಆ ದನಿಯಲ್ಲಿ ಹೇಳಲಿಲ್ಲ, ಹೋಗಗೊಡು ಅನ್ನುವ ದನಿಯಲ್ಲಿ ಹೇಳಿದೆ. ಥೂ ನನ್ನ ಬಾಯಿಗಿಷ್ಟು.

ಗಲಾಟೆಯಿಂದ ಅರ್ಧಕ್ಕೇ ನಿಂತ ಆಟವನ್ನು ಆಗಿನ ಒಂದು ಒಂದಕ್ಕೇ ಡ್ರಾ ಅಂತ ಬರೆದುಕೊಂಡರು, ನಾವು ಲೀಗಿನಲ್ಲಿ ಉಳಿದೆವು. ಹತ್ತು ದಿನದ ಮೇಲೆ ಹೊಸಪೇಟೆಯ ಒಂದು ಹೋಟೆಲಿನ ಸಭಾಂಗಣದಲ್ಲಿ ಲೀಗಿನ ಶಿಸ್ತು ಸಮಿತಿ ಕೂತಿತು. ಬೆಂಗಳೂರಿನಿಂದ ಬಂದ ಅಧ್ಯಕ್ಷರು ವಿಡಿಯೊ ಹಾಕಿದರು. ಎಲ್ಲ ಗದ್ದಲದ ಮೇಲೆ ನನ್ನ ದನಿ ಗಂಟೆ ಹೊಡೆದ ಹಾಗೆ ಕೇಳಿಸಿತು. ಬಿಡಲೇ, ಬಿಡಲೇ ದುರುಗಾ.

"ಕ್ಯಾಪ್ಟನ್ ಎರಡು ಸಲ ಬಿಟ್ಟುಬಿಡು ಅಂತ ಹೇಳಿದಾರೆ," ಅಂದರು ಅಧ್ಯಕ್ಷರು. "ಆದರೂ ನೀವು ಯಾಕೆ ಬಿಡಲಿಲ್ಲ?"

ದುರುಗೇಶ ಎದ್ದು ನಿಂತ. ಹರಿದ ತುಟಿಗೆ ಹೊಲಿಗೆ ಹಾಕಿದ್ದರು. "ನಾನು ತಪ್ಪು ತಿಳ್ಕಂಡ್ನಿ ಸರ್. ಅವರು ಬಿಡು ಅಂದ್ರು. ನನ್ನ ತಲಿ ಕೆಟ್ಟಿತ್ತು."

ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡೆ. ಎಂಥ ದೊಡ್ಡ ಮನುಷ್ಯ ಅಂದುಕೊಂಡೆ. ಎದ್ದು ಹೇಳಬೇಕು ಅಂತ ಕುರ್ಚಿಯ ಕೈ ಹಿಡಿದದ್ದೂ ನಿಜ. ಪಕ್ಕದಲ್ಲಿದ್ದ ದೊಡ್ಡಬಸಪ್ಪ ನನ್ನ ತೊಡೆಯನ್ನು ಅದುಮಿ, "ನೀನೂ ಹೋದ್ರ ಹಿಂದ ಯಾರದಾರೋ? ಕುಂದ್ರು," ಅಂದರು. ಕೂತೆ. ಕೂತೆ ಅಂತಲೇ ಬರೆಯುತ್ತಿದ್ದೇನೆ, ಕೂರಿಸಿದರು ಅಂತಲ್ಲ. ದುರುಗೇಶನಿಗೆ ಮೂರು ವರ್ಷ ನಿಷೇಧ. ಅವನಿಗೆ ಆಗಲೇ ಇಪ್ಪತ್ತೊಂಬತ್ತು. ಗದ್ದಲದಲ್ಲಿ ನಾನು ಗುದ್ದಿದ್ದು ವಿಡಿಯೊದಲ್ಲಿ ಸಿಕ್ಕಿರಲಿಲ್ಲ. ನನಗೆ ಅಧ್ಯಕ್ಷರು ಕೈ ಕುಲುಕಿ, ನಿಮ್ಮಂಥವರು ಆಟಕ್ಕೆ ಬೇಕು ಅಂದರು.

ಒಂದು ತಿಂಗಳು ನಿದ್ದೆ ಬರಲಿಲ್ಲ. ಬೈಕ್ ಹತ್ತಿ ಕಂಪ್ಲಿಗೆ ಹೋದೆ. ವಿಜಯಕುಮಾರ್ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ, ಕಾಲಿನ ಹೊರಗಡೆ ಕಬ್ಬಿಣದ ಸರಳುಗಳು. ಮೂಳೆಯ ಒಳಗೇ ಮೊಳೆ ಹೊಡೆದಿದ್ದರು. ನನ್ನನ್ನು ನೋಡಿದವನೇ ಪಕ್ಕದಲ್ಲಿದ್ದ ಊರುಗೋಲು ಎತ್ತಿ ಬೀಸಿದ. ನನ್ನ ಭುಜಕ್ಕೆ ಬಿತ್ತು. ಇನ್ನೊಂದು ಸಲ ಬೀಸಿದ. ನಾನು ಸರಿಯಲಿಲ್ಲ. ಮೂರನೆಯದಕ್ಕೆ ಅವನಿಗೇ ಉಸಿರು ಹತ್ತಿತು.

"ಕಂಪ್ಲ್ಯಾಗ ಹುಟ್ಟಿದೋನು ನಾನು," ಅಂದ. "ನೀವು ಯಾವ ಬಿಡು ಅಂದ್ರಿ ಅಂತ ನನಗ ತಿಳಿಯಲ್ಲೇನು? ಅದನ್ನ ಕೇಳೇ ಕಾಲು ಎತ್ತಾಕ ಹೋದ್ನಿ. ಆಗ್ಲಿಲ್ಲ."

"ಸಮಿತಿಗೆ ಹೇಳು ವಿಜಿ. ನನ್ನ ಹೆಸರು ಹೇಳು."

"ಹೇಳಿದ್ರ ನನ್ನ ಕಾಲು ಬರ್ತೈತೇನು?" ಅವನು ಊರುಗೋಲನ್ನು ಗೋಡೆಗೆ ಆನಿಸಿದ. "ಅವನು ಬಂದಿದ್ದ ಇಲ್ಲಿಗೆ, ನಿಮ್ಮ ದುರುಗೇಶ. ಈ ಕಾಲು ಹಿಡ್ಕಂಡು ಅತ್ತ. ಭಾವ ಬಿಟ್ಟುಬಿಡು ಅಂದ್ರು, ನನಗ ಹೊಡಿ ಅಂದಂಗ ಕೇಳಿಸ್ತು, ನನ್ನೊಳಗ ಎಂಥದೋ ಮೃಗ ಐತಿ, ಕ್ಷಮಿಸು ಅಂದ. ಅವನು ನಿಮಗಾಗಿ ಸುಳ್ಳು ಹೇಳ್ಯಾನ ಅಂತ ತಿಳ್ದೀರೇನು? ಅವನು ಅದನ್ನ ನಂಬ್ಯಾನ. ಖರೇ ಮಾತು ಹೇಳಿ ಅವನ್ನ ಉಳಿಸಾಕ ನಾನ್ಯಾಕ ಹೋಗ್ಲಿ? ಮುರಿದದ್ದು ಅವನ ಬೂಟು. ನೀವ ಹೋಗ್ರಿ."

ಡ್ರೆಸ್ಸಿಂಗ್ ರೂಮಿನಲ್ಲಿ ನಾನು ಆಡಿದ ಆ ಎರಡು ಮಾತು ಅವನ ಒಳಗೆ ಹೊಕ್ಕು ಕೂತಿತ್ತು. ನನ್ನ ಕಿವಿಯ ಮೇಲೆ ನನಗೇ ನಂಬಿಕೆ ಇಲ್ಲ ಅಂತ ಅವನು ಬದುಕುತ್ತಿದ್ದ. ಆಟ ಹೋದದ್ದು ಹೋಯಿತು, ಮನುಷ್ಯನೇ ಹೋಗುತ್ತಿದ್ದ.

ಕಂಪ್ಲಿಯಿಂದ ನೇರ ದುರುಗೇಶನ ಊರು ಕಡ್ಡಿರಾಂಪುರಕ್ಕೆ ಬಂದೆ. ಮಧ್ಯಾಹ್ನ. ಹಂಪಿಗೆ ಹೋಗುವ ಬಸ್ಸುಗಳು ಧೂಳೆಬ್ಬಿಸುತ್ತಿದ್ದವು. ಪಲ್ಲವಿ ಬಾಗಿಲು ತೆರೆದಳು, ಬಾ ಅನ್ನಲಿಲ್ಲ.

"ಹೆಂಗದಾನ?" ಅಂದೆ.

"ಹೆಂಗ ಇರ್ಬೇಕು ಅಣ್ಣ? ಮಗೀನ ಎತ್ಕಳ್ಳಾಕ ಅಂಜ್ತಾರ. ನನ್ನ ಕೈ ಮ್ಯಾಲ ನನಗ ಭರೋಸ ಇಲ್ಲ ಅಂತಾರ. ಮೂರು ವಾರಾತು ಮಗು ಮುಟ್ಟಿಲ್ಲ."

ದುರುಗೇಶ ಹಿತ್ತಲಲ್ಲಿ ಕಟ್ಟಿಗೆ ಒಡೆಯುತ್ತಿದ್ದ. ನನ್ನನ್ನು ಕಂಡು ಕೊಡಲಿಯನ್ನು ದೂರಕ್ಕೆ ಎಸೆದ. ನನಗೆ ಹೆದರಿ ಅಲ್ಲ, ತನಗೇ ಹೆದರಿ. ಅದನ್ನು ನೋಡಿ ನನಗೆ ಅಳು ಬಂತು.

"ಕುಂದ್ರಿ ಭಾವ. ಚಾ ಮಾಡಿಸ್ತೀನಿ."

"ಚಾ ಬ್ಯಾಡ. ಕೇಳಿಲ್ಲಿ. ನೀನು ತಪ್ಪು ಕೇಳಿಲ್ಲೋ ದುರುಗ. ನಾನು ಹೊಡಿ ಅಂತನ ಕೂಗಿದ್ದು. ಅವನ ಕಾಲು ಮುರೀಲಿ ಅಂತನ ಕೂಗಿದ್ದು. ಎಲ್ಲಾರ ಮುಂದ ಮಾತು ತಿರುಗಿಸಿದ್ನಿ. ಅಂಜಿದ್ನಿ."

ಅವನು ಒಡೆದ ಕಟ್ಟಿಗೆ ದಾಟಿ ನನ್ನ ಎದುರಿಗೆ ಬಂದು ನಿಂತ.

"ಇನ್ನೊಮ್ಮೆ ಹೇಳ್ರಿ," ಅಂದ.

"ಹೊಡಿ ಅಂತನ ಅಂದ್ನಿ."

ಮೊದಲ ಗುದ್ದು ದವಡೆಗೆ ಬಿತ್ತು. ನೆಲಕ್ಕೆ ಬಿದ್ದೆ. ಕಾಲರ್ ಹಿಡಿದು ಎತ್ತಿ ಎರಡನೆಯದು ಕೊಟ್ಟ, ಹುಬ್ಬಿನ ಹಳೆಯ ಗಾಯ ಬಾಯಿಬಿಟ್ಟಿತು. ಮೂರನೆಯದಕ್ಕೆ ಹಲ್ಲೊಂದು ನಾಲಿಗೆಯ ಮೇಲೆ ಬಂದು ಬಿತ್ತು. ಅವನು ಅಳುತ್ತಾ ಹೊಡೆಯುತ್ತಿದ್ದ, ಏನೋ ಅನ್ನುತ್ತಾ ಹೊಡೆಯುತ್ತಿದ್ದ, ನನಗೆ ಒಂದೂ ಕೇಳಿಸಲಿಲ್ಲ. ನಾನು ಕೈ ಅಡ್ಡ ಹಿಡಿಯಲಿಲ್ಲ. ಸಿಟ್ಟೂ ಬರಲಿಲ್ಲ, ನನ್ನ ಜನ್ಮದಲ್ಲೇ ಮೊದಲ ಸಲ.

ಪಲ್ಲವಿ ಹಿತ್ತಲ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಅಂತ ಅವಳ ಮುಖ ಹೇಳುತ್ತಿತ್ತು. ದುರುಗೇಶ ಉಸಿರು ತೆಗೆದುಕೊಳ್ಳಲು ನಿಂತಾಗ ಕೇಳಿದಳು.

"ಸಾಕಾತೇನ್ರಿ?"

ಅವಳು ಕೇಳಿದ್ದು ನನ್ನನ್ನಲ್ಲ, ಗಂಡನನ್ನು.

"ಇಲ್ಲ," ಅಂದ ಅವನು.

ಅವಳು ಮಗುವಿನ ಮುಖವನ್ನು ಭುಜಕ್ಕೆ ಒತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.