ಹಲ್ಲು ಬಿಟ್ಟರೆ ಸೋಲು

ಬಚ್ಚಲುಮನೆಯಲ್ಲಿ ಪಟಪಟನೆ ಏನೋ ಉದುರಿದ ಸದ್ದಿಗೆ ಅವಳಿಗೆ ನಡುರಾತ್ರಿ ಎಚ್ಚರವಾಯಿತು. ನಲ್ಲಿ ತೊಟ್ಟಿಕ್ಕುವ ಸದ್ದಲ್ಲ, ಅದು ಅವಳಿಗೆ ಗೊತ್ತು. ಅವಳದು ಮೊದಲಿನಿಂದಲೂ ಕೋಳಿನಿದ್ದೆ. ಪಕ್ಕಕ್ಕೆ ಕೈಚಾಚಿ ನೋಡಿದಳು. ಗಂಡ ಇರಲಿಲ್ಲ.

ಬಚ್ಚಲುಮನೆಯ ಬಾಗಿಲು ಅರ್ಧ ತೆರೆದಿತ್ತು. ಗಂಡ ಕನ್ನಡಿಯ ಮುಂದೆ ನಿಂತಿದ್ದ. ಆಟದ ಕಾರ್ಡುಗಳು ಕೈಜಾರಿ ಒದ್ದೆ ನೆಲದ ಮೇಲೆಲ್ಲ ಚೆಲ್ಲಿದ್ದವು. ಉಳಿದಿದ್ದ ಒಂದನ್ನು ಓದಿಕೊಂಡು, ಕನ್ನಡಿಯಲ್ಲಿ ತನ್ನ ಬಾಯನ್ನೇ ದಿಟ್ಟಿಸುತ್ತಿದ್ದ.

"ಏನ್ರೀ ಇದು, ಇಷ್ಟೊತ್ತಲ್ಲಿ?"

ಅವನು ಬೆಚ್ಚಿದ. "ಪ್ರಾಕ್ಟೀಸು ಕಣೇ. ನಾಳೆ ತಮ್ಮ ಬರ್ತಾನಲ್ಲ, ಅವನೇನು ಕುಣಿದ್ರೂ ನಗಬಾರದು ಅಂತ."

ನಗದೇ ಇರೋದಕ್ಕೆ ಕನ್ನಡಿ ಯಾಕೆ ಎಂಬ ಮಾತು ನಾಲಗೆಯ ತುದಿಗೆ ಬಂತು. ನುಂಗಿಕೊಂಡಳು. ಬಗ್ಗಿ ಕಾರ್ಡುಗಳನ್ನು ಒಂದೊಂದಾಗಿ ಆಯ್ದು, ಟವೆಲಿನಲ್ಲಿ ಒರೆಸಿ ಅವನ ಕೈಗಿಟ್ಟಳು. ಅವನು ಬಗ್ಗಲಿಲ್ಲ. ಈಚೆಗೆ ಬಗ್ಗುವ ಕೆಲಸವೆಲ್ಲ ಅವಳ ಪಾಲಿಗೇ ಬರುತ್ತಿದ್ದುದನ್ನು ಅವಳು ಗಮನಿಸಿದ್ದಳು.

ಅದು ಅವನು ಕೆಲಸ ಮಾಡುವ ಆಟಿಕೆ ಅಂಗಡಿಯದೇ ಆಟ. ಹೆಸರು 'ಹಲ್ಲು ಬಿಟ್ಟರೆ ಸೋಲು'. ಒಬ್ಬರು ಕಾರ್ಡು ಎತ್ತಿ ಅದರಲ್ಲಿ ಬರೆದದ್ದನ್ನು ಮಾಡಿ ತೋರಿಸಬೇಕು: ಬಿಸಿ ಬಾಣಲೆಗೆ ಬಿದ್ದ ಮೊಟ್ಟೆ, ಬಿಕ್ಕಳಿಕೆ ಹತ್ತಿದ ನ್ಯಾಯಾಧೀಶ, ಬಿಗಿ ಬೂಟು ಹಾಕಿದ ಆನೆ. ನೋಡುವವರು ನಗಬಾರದು. ನಕ್ಕವರೆಲ್ಲ ಒಂದೊಂದು ಕಾರ್ಡು ಹೊರಬೇಕು, ಕೊನೆಗೆ ಯಾರ ಕೈಯಲ್ಲಿ ಕಾರ್ಡು ಕಡಿಮೆಯೋ ಅವರು ಗೆದ್ದಂತೆ. ಮೊದಲೆಲ್ಲ ಗಂಡನ ಕೈಯಲ್ಲಿ ಕಾರ್ಡುಗಳು ಹಿಡಿಸುತ್ತಿರಲಿಲ್ಲ. ಎದುರಿನವರು ಎದ್ದು ನಿಲ್ಲುವ ಮೊದಲೇ ಅವನಿಗೆ ನಗು. ಅವಳು ಅವನನ್ನು ಮೆಚ್ಚಿ ಮದುವೆಯಾದದ್ದೂ ಆ ನಗುವಿಗಾಗಿಯೇ. ಈಗ ಕೆಲವು ತಿಂಗಳಿಂದ ಅವನು ಸೋತೇ ಇರಲಿಲ್ಲ.

ಮರುದಿನ ಸಂಜೆ ಮೈದುನ, ಓರಗಿತ್ತಿ, ಅವರ ಮಗಳು ಮೂವರೂ ಬಂದರು. ಚಹಾ ಮುಗಿಯುತ್ತಲೇ ಮೇಜನ್ನು ಗೋಡೆಗೆ ಸರಿಸಿ ಆಟ ಶುರುವಾಯಿತು. ಮೈದುನನ ಪಾಲಿಗೆ ಮೊಟ್ಟೆ ಬಂತು. ಅವನು ನೆಲದ ಮೇಲೆ ಅಂಗಾತ ಬಿದ್ದು ಚಟಪಟ ಅಂದ, ಕೈಕಾಲು ಮುರುಟಿದ, ಯಾರೋ ಮಗುಚಿ ಹಾಕಿದಂತೆ ದೊಪ್ಪನೆ ಬೋರಲಾದ.

"ಸೀದೋಯ್ತು, ಸೀದೋಯ್ತು!" ಓರಗಿತ್ತಿ ಹೊಟ್ಟೆ ಹಿಡಿದುಕೊಂಡಳು. "ಹೀಗೇ ತಟ್ಟೆಗೆ ಹಾಕಿ ಕೊಡ್ತೀನಿ, ಯಾರಿಗೆ ಬೇಕು ಹೇಳಿ."

"ಅಮ್ಮ ಔಟ್! ದೊಡ್ಡಮ್ಮಾನೂ ಔಟ್!" ಹುಡುಗಿ ಕಾರ್ಡು ಹಂಚುತ್ತ ಕೂಗಿದಳು. "ದೊಡ್ಡಪ್ಪಾ, ನೀವೇನು ಮನುಷ್ಯರೋ ಲೈಟುಕಂಬಾನೋ?"

"ಅಣ್ಣಾ, ನಿನ್ನ ದಮ್ಮಯ್ಯ, ಒಂದು ಹಲ್ಲಾದ್ರೂ ತೋರಿಸೋ. ಸೊಂಟ ಉಳುಕಿಸ್ಕೊಂಡೆ ನಾನು."

"ಎದ್ದೇಳೋ, ತಳ ಹಿಡೀತಾ ಇದೀಯ," ಎಂದ ಗಂಡ.

ಅವನ ದನಿಯಲ್ಲಿ ನಗುವಿತ್ತು. ಭುಜ ಕುಲುಕುತ್ತಿತ್ತು, ಕಣ್ಣಂಚಿನಲ್ಲಿ ನೀರೂ ಇತ್ತು. ಮುಖ ಮಾತ್ರ ಈ ಗದ್ದಲಕ್ಕೆ ಸಂಬಂಧವೇ ಇಲ್ಲದವರ ಹಾಗೆ ಸುಮ್ಮನಿತ್ತು.

"ಒಳಗೊಳಗೇ ನಗ್ತಿದ್ದಾರೆ ನೋಡ್ರೀ. ಅದು ಲೆಕ್ಕಕ್ಕಿಲ್ವಾ?" ಓರಗಿತ್ತಿ ತಕರಾರು ತೆಗೆದಳು.

"ಇಲ್ಲಮ್ಮ. ಹಲ್ಲು ಕಂಡ್ರೆ ಮಾತ್ರ," ಎಂದು ಹುಡುಗಿ ತೀರ್ಪು ಕೊಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಡನ ಮುಖ ನೋಡುತ್ತ ಅವಳೂ ತಟ್ಟಿದಳು.

ತವರಿನಲ್ಲಿ ಅವಳ ಅಪ್ಪನಿಗೂ ಹೀಗೇ ಶುರುವಾದದ್ದು. ಮೊದಲು ಬರೆಯುವ ಅಕ್ಷರ ಇರುವೆಯಷ್ಟು ಚಿಕ್ಕದಾಯಿತು. ಆಮೇಲೆ ನಡೆಯುವಾಗ ಒಂದು ಕೈ ಬೀಸುವುದು ನಿಂತಿತು. ಆಮೇಲೆ ಮುಖ. ವಯಸ್ಸಿಗೆ ತಕ್ಕ ಗಾಂಭೀರ್ಯ ಬಂತು ಎಂದು ನೆಂಟರೆಲ್ಲ ಮೆಚ್ಚಿಕೊಂಡಿದ್ದರು. ನರಗಳ ಕಾಯಿಲೆ, ಔಷಧಿಯಿಂದ ನಿಧಾನ ಮಾಡಬಹುದು, ವಾಸಿ ಮಾಡೋಕಾಗಲ್ಲ ಎಂದು ವೈದ್ಯರು ಹೇಳಿದ್ದು ಆಮೇಲೆ. ಕೊನೆಕೊನೆಗೆ ತನ್ನನ್ನು ಕಂಡು ಅಪ್ಪನಿಗೆ ಖುಷಿಯಾಯಿತೋ ಇಲ್ಲವೋ ಎಂಬುದು ಅವಳಿಗೆ ತಿಳಿಯುತ್ತಲೇ ಇರಲಿಲ್ಲ. ಕೇಳಿದರೆ "ಆಯ್ತಮ್ಮ" ಅನ್ನುತ್ತಿದ್ದರು. ನಂಬಬೇಕಿತ್ತು, ಅಷ್ಟೆ.

ನೆಂಟರು ಹೋದಮೇಲೆ ಲೋಟ ತೊಳೆಯುತ್ತ, ತೀರ ಮಾಮೂಲಿ ಎಂಬಂತೆ ಕೇಳಿದಳು: "ಒಂದ್ಸಲ ಡಾಕ್ಟ್ರಿಗೆ ತೋರಿಸೋಣ್ವಾ?"

"ಯಾಕೆ? ಗೆಲ್ಲೋ ಕಾಯಿಲೆಗೂ ಮಾತ್ರೆ ಬಂದಿದ್ಯಾ?" ಅವನು ಲೋಟ ಒರೆಸುವುದನ್ನು ನಿಲ್ಲಿಸಿದ. "ನೋಡು, ಶಾಲೆಯ ಓಟದಲ್ಲಿ ನಾನು ಕೊನೆ, ಅಂಗಡೀಲಿ ಎಲ್ಲರಿಗಿಂತ ಹಿಂದೆ. ಈಗ ಜನ ಮಕ್ಕಳು ಮರೀನೆಲ್ಲ ಕಟ್ಕೊಂಡು ನನ್ನನ್ನ ನಗಿಸೋಕೆ ಅಂತಲೇ ಬರ್ತಾರೆ. ಆಗದೆ ಸೋತು, ಆಟ ಕೊಂಡ್ಕೊಂಡು ಹೋಗ್ತಾರೆ. ಯಜಮಾನರು ಏನಂದ್ರು ಗೊತ್ತಾ? ಹೊಸ ಪೆಟ್ಟಿಗೆ ಮೇಲೆ ನನ್ನ ಫೋಟೋನಂತೆ. ನನ್ನ ಮುಖ ಕಣೇ!"

ಆ ಮುಖದಲ್ಲಿ ಸಂತೋಷ ಎಲ್ಲಿದೆ ಎಂದು ಅವಳು ಹುಡುಕಿದಳು. ಕಣ್ಣಲ್ಲಿ ಒಂದಿಷ್ಟು ಸಿಕ್ಕಿತು. "ಒಳ್ಳೇದಾಯ್ತು ಬಿಡಿ," ಎಂದಳು. ಫೋಟೋ ಮುಗಿದ ಮೇಲೆ ಹೇಳಿದರಾಯಿತು, ಅಲ್ಲಿವರೆಗೆ ಗೆಲ್ಲಲಿ ಎಂದುಕೊಂಡಳು.

ಸ್ಟುಡಿಯೋಗೆ ಅವಳೂ ಹೋದಳು. ಕಪ್ಪು ಪರದೆ, ಒಂದು ಎತ್ತರದ ಸ್ಟೂಲು, ಎರಡು ಬಿಸಿ ದೀಪ. ಪೆಟ್ಟಿಗೆಯ ಮುಂಬದಿಯ ಫೋಟೋಗೆ ಗಂಭೀರ ಮುಖ ಬೇಕಿತ್ತು. ಹೂ ಎತ್ತಿದಷ್ಟು ಸುಲಭವಾಗಿ ಅದು ಮುಗಿಯಿತು.

"ಈಗ ಹಿಂಬದಿಗೆ, ಸೋತವನ ಮುಖ. ಬಾಯ್ತುಂಬ ನಕ್ಕುಬಿಡಿ ಸಾರ್," ಎಂದ ಫೋಟೋದವನು.

ಕ್ಯಾಮೆರಾ ಕ್ಲಿಕ್ಕೆಂದಿತು.

"ನಗಿ ಸಾರ್."

ಮತ್ತೆ ಕ್ಲಿಕ್ಕು.

"ಸಾರ್, ಆಟ ಮುಗೀತು. ಈಗ ನಗಬಹುದು."

"ನಗ್ತಾ ಇದೀನಲ್ಲಪ್ಪ," ಎಂದ ಗಂಡ.

ಫೋಟೋದವನಿಗೆ ನಗು ತಡೆಯಲಾಗಲಿಲ್ಲ. "ನಿಮಗೆ ನೀವೇ ಸಾಟಿ ಬಿಡಿ ಸಾರ್! ನೋಡಿ ಬೇಕಾದ್ರೆ," ಎಂದು ಕ್ಯಾಮೆರಾ ತಿರುಗಿಸಿ, ತೆಗೆದ ಫೋಟೋಗಳನ್ನು ತೋರಿಸಿ, ದೀಪ ಸರಿಪಡಿಸಲು ಆಚೆ ಹೋದ.

ಗಂಡ ಫೋಟೋಗಳನ್ನು ಹಿಂದೆ ಮುಂದೆ ಮಾಡಿ ನೋಡಿದ. ಗೆದ್ದವನದೂ ಸೋತವನದೂ ಒಂದೇ ಮುಖ. ಆಮೇಲೆ ತಲೆಯೆತ್ತಿ ಅವಳನ್ನು ನೋಡಿದ. ಅವಳಿಗೆ ತನ್ನ ಮುಖವನ್ನು ಸರಿಮಾಡಿಕೊಳ್ಳಲು ಪುರಸೊತ್ತಾಗಲಿಲ್ಲ.

"ನಿಂಗೆ ಗೊತ್ತಿತ್ತು," ಎಂದ ಮೆಲ್ಲಗೆ.

ಅವಳು ಹೌದೆಂದು ತಲೆಯಾಡಿಸಿದಳು.

"ಮಾವನವರಿಗೆ ಇದ್ದದ್ದೇನಾ?"

"ಹಾಗೇ ಕಾಣ್ಸುತ್ತೆ."

ಅವನು ತನ್ನ ಬೂಟು ನೋಡಿಕೊಂಡ. ಮಾವನ ಕೊನೆಯ ದಿನಗಳಲ್ಲಿ ಅವರಿಗೆ ಚಮಚದಲ್ಲಿ ಗಂಜಿ ಕುಡಿಸಿದ್ದವನು ಅವನೇ. ಅವಳು ಬಿಡಿಸಿ ಹೇಳಬೇಕಾದ್ದು ಏನೂ ಉಳಿದಿರಲಿಲ್ಲ.

ಅಷ್ಟರಲ್ಲಿ ಫೋಟೋದವನು ವಾಪಸು ಬಂದ. "ಒಂದು ಕೆಲಸ ಮಾಡೋಣ. ಮೇಡಂ, ನೀವು ನಗಿ. ಗಂಡನ ಕೈಲಿ ಸೋತ ಹೆಂಡ್ತಿ! ಜೋಡಿ ಚೆನ್ನಾಗಿರುತ್ತೆ."

"ನನ್ನ ಕೈಲಾಗಲ್ಲ," ಎಂದಳು. ಅದು ನಿಜವಾಗಿತ್ತು.

ಗಂಡ ಸ್ಟೂಲಿನಿಂದ ಇಳಿದ. ಒಂದು ಕ್ಷಣ ಅತ್ತಿತ್ತ ತೂಗಿ, ಕಾಲು ಊರಿಕೊಂಡು ನಿಂತ. ಆಮೇಲೆ ತೋಳನ್ನು ಮೂಗಿಗೆ ತಂದು ಸೊಂಡಿಲು ಮಾಡಿ, ಒಂದು ಕಾಲನ್ನು ಅಷ್ಟೇ ಅಷ್ಟು ಎತ್ತಿ, ಬೂಟು ಕಚ್ಚಿ ನೋಯುವ ಆನೆಯಾಗಿ, ಘನಗಂಭೀರ ಮುಖದಲ್ಲಿ ಅವಳ ಕಡೆಗೆ ಕುಂಟತೊಡಗಿದ. ಅವಳಿಗೆ ಅಳು ಬರಬೇಕಿತ್ತು. ಬಂದದ್ದು ನಗು. ಅವನು ಈಗಲೂ ಅಷ್ಟೇ ತಮಾಷೆಯ ಮನುಷ್ಯ, ಅದನ್ನೇ ಅವಳಿಂದ ತಡೆಯಲಾಗಲಿಲ್ಲ. ಹಲ್ಲೆಲ್ಲ ಕಾಣುವಂತೆ, ಉಸಿರುಗಟ್ಟುವಂತೆ, ಕೆನ್ನೆ ಒದ್ದೆಯಾಗುವಂತೆ ನಕ್ಕಳು.

"ಸೂಪರ್ ಮೇಡಂ! ಹೀಗಿರ್ಬೇಕು ಸೋಲು ಅಂದ್ರೆ!"

ಬೀದಿಗೆ ಇಳಿಯುವಷ್ಟರಲ್ಲಿ ಮೈದುನನ ಫೋನು. "ಏನಾಯ್ತು ಅತ್ತಿಗೆ? ಕ್ಯಾಮೆರಾ ಮುಂದಾದ್ರೂ ಅಣ್ಣ ಹಲ್ಲು ಬಿಟ್ನಾ?"

ಗಂಡ ಮುಂದೆ ನಡೆಯುತ್ತಿದ್ದ. ಬಲಗೈ ಬೀಸುತ್ತಿತ್ತು. ಎಡಗೈ ಯಾರೋ ಒಪ್ಪಿಸಿ ಹೋದ ಸಾಮಾನಿನಂತೆ ಪಕ್ಕದಲ್ಲಿ ಅಲುಗದೆ ಜೋತುಬಿದ್ದಿತ್ತು.

"ನಿಮ್ಮಣ್ಣನ್ನ ಯಾರು ಸೋಲಿಸ್ತಾರೆ?" ಎಂದಳು. ಆ ಕಡೆ ಮೈದುನ ಗಹಗಹಿಸಿ ನಕ್ಕ.

ಇನ್ನು ವೈದ್ಯರ ಬಳಿ ಹೋಗಲೇಬೇಕು. ಅವರು ಏನು ಹೇಳುತ್ತಾರೆ ಎಂಬುದು ಅವಳಿಗೆ ಬಾಯಿಪಾಠ. ಕಾಯಿಲೆಯ ಸುದ್ದಿ ಒಂದಲ್ಲ ಒಂದು ದಿನ ಮೈದುನನಿಗೆ, ಅಂಗಡಿಗೆ, ಎಲ್ಲರಿಗೂ ತಿಳಿಯುತ್ತದೆ. ಅದನ್ನು ಮುಚ್ಚಿಡುವುದು ಅವಳ ಕೈಯಲ್ಲಿರಲಿಲ್ಲ. ಆದರೆ ದೀಪದ ಕೆಳಗೆ ಕೂತು ಅವನು ನಗುತ್ತಿದ್ದೇನೆ ಎಂದದ್ದು, ಅಷ್ಟು ವರ್ಷ ಆ ನಗುವಿನ ಜೊತೆ ಬಾಳಿದ ತನಗೂ ಅದು ಕಾಣದೇ ಹೋದದ್ದು, ಅದನ್ನು ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿದಳು. ಮೈದುನನಿಗೂ ಇಲ್ಲ, ವೈದ್ಯರಿಗೂ ಇಲ್ಲ.