ಡಾನ್ ಕೈಯೆತ್ತಿದ ಕಾನೂನು

ಬೆಳಗ್ಗೆಯಿಂದ ಒಲೆಯ ಮುಂದೆ ನಿಂತು ಖುರ್ಷಿದಾಳ ಕಾಲುಗಳು ಬಾತಿದ್ದವು. ಲಿವರ್‌ಮೋರಿನ ದ್ರಾಕ್ಷಿ ತೋಟದ ನಡುವಿನ ಹಳೇ ಮಣ್ಣಿಟ್ಟಿಗೆಯ ಮನೆಯನ್ನು ದೇವೇಂದ್ರಪ್ಪ ಕೊಂಡು ಮದುವೆ ಹಾಲ್ ಮಾಡಿದ್ದ. ಅಡುಗೆ ಅವಳದು. ಪಾತ್ರೆ, ಕಸ ಎಸ್ತೆಲಾ ಎಂಬ ಮುದುಕಿಯದು. ಹಿತ್ತಲ ಶೆಡ್ಡಿನಲ್ಲೇ ಆಕೆಯ ವಾಸ.

ಎಂದೂ ಹೆಸರು ಹಿಡಿದು ಕರೆಯದ ದೇವೇಂದ್ರಪ್ಪ ಇವತ್ತು ಎಸ್ತೆಲಾಗೆ ಶಾಲು ಹೊದಿಸಿ, ಕುರ್ಚಿ ಹಾಕಿ, ತಾನೇ ಕಾಫಿ ತಂದುಕೊಟ್ಟ. ಖುರ್ಷಿದಾಗೆ ಯಾಕೋ ಸರಿಬರಲಿಲ್ಲ.

"ಏನ್ರೀ ಸರ, ಭಾಳ ಪ್ರೀತಿ ಬಂದೈತಲ್ಲ?"

"ಆಯಮ್ಮನ ಮುತ್ತಾತನ ತಾತ ಡಾನ್ ಹಸಿಂತೊ ಕಟ್ಟಿಸಿದ ಮನೆ ಇದು. ಡಾನ್ ಅಂದ್ರೆ ಸ್ಪ್ಯಾನಿಷಲ್ಲಿ ದೊಡ್ಡ ಯಜಮಾನ. ಆ ಕಾಲದ ಶಾಸನಸಭೇಲಿ ಇದ್ದೋನು. ಹಿತ್ತಲವರೆಗೆ ಹಾಲ್ ಎಕ್ಸ್‌ಟೆಂಡ್ ಮಾಡಿದ್ರೆ, ಹಳೇ ಮನೆ ಕೆಡಿಸಿದ್ರು ಅಂತ ಊರೋರು ತಕರಾರು ಮಾಡ್ತಾರೆ ಅಂತ ಪಾರ್ಟ್‌ನರ್ಸು ಹೆದರ್ತಿದಾರೆ. ವಂಶದೋಳೇ ಖುಷಿಯಾಗಿದಾಳೆ ಅಂದ್ರೆ ಮುಗೀತು. ಅವಳು ಸ್ಪ್ಯಾನಿಷಲ್ಲಿ ಮಾತಾಡ್ಲಿ, ನೀವು ಕನ್ನಡದಲ್ಲಿ ಹೇಳಿ."

"ಶೆಡ್ಡು ಏನಾಗತೈತಿ?"

"ಅದು ಆಮೇಲೆ ನೋಡೋಣ." ಅವನು ಕಣ್ಣು ತಪ್ಪಿಸಿದ.

ಲಾಸ್ ಆಲ್ಟೋಸ್, ಫಾಸ್ಟರ್ ಸಿಟಿಯಿಂದ ಕನ್ನಡದ ಪಾರ್ಟ್‌ನರ್‌ಗಳು ಬಂದು ಊಟಕ್ಕೆ ಕೂತರು. ಎಸ್ತೆಲಾ ಎದ್ದು ನಿಧಾನವಾಗಿ ಮಾತಾಡಿದಳು. ವರ್ಷಗಟ್ಟಲೆ ಜೊತೆಗೆ ದುಡಿದು ಖುರ್ಷಿದಾಗೆ ಆ ಭಾಷೆ ಒಲಿದಿತ್ತು. ಕೇಳುತ್ತ ಕೇಳುತ್ತ ಅವಳ ಮುಖ ಬಿಗಿದುಕೊಂಡಿತು.

ದೇವೇಂದ್ರಪ್ಪ ಖುರ್ಷಿದಾಳ ಕಿವಿಯ ಹತ್ತಿರ ಬಗ್ಗಿದ. "ಅವಳೇನೇ ಅಂದಿರ್ಲಿ, ಅವಳ ವಂಶದೋರು ಈ ಮನೆ ಖುಷಿಯಾಗಿ ಬಿಟ್ಟುಕೊಟ್ರು ಅಂತ ಹೇಳಿ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡಿ."

ಬೆನ್ನುನೋವಿಗೆ ಹಾಸಿಗೆ ಹಿಡಿದ ಗಂಡ ಯೂನುಸ್ ಕಣ್ಣಮುಂದೆ ಬಂದ. ಮನೆ ನಡೆಯುತ್ತಿದ್ದುದು ಇವಳ ದುಡಿಮೆಯಿಂದಲೇ. ಆದರೂ ಹೇಳಿದಳು.

"ನಮ್ಮಜ್ಜ ಸಭಾದಾಗ ಕುಂತಿದ್ದು ಖರೆ ಅಂತಾಳ. ಆದ್ರ ಅಲ್ಲಿ ಕಾನೂನು ಬರೀತಿದ್ದುದು ಇಂಗ್ಲಿಷಿನ್ಯಾಗ, ಅವಗ ಅದು ಬರ್ತಿರಲಿಲ್ಲ. ಎಲ್ಲಾರೂ ಕೈ ಎತ್ತಿದಾಗ ತಾನೂ ಎತ್ತಿದ. ತೆರಿಗಿ ಕಟ್ಟಾಕ ಆಗದಾಗ ಅದ ಕಾನೂನು ಅವನ ಭೂಮಿ ನುಂಗಿತು. ವಕೀಲರು ಗೆಳೆಯರಂಗ ಬಂದು, ಫೀಸಿಗಂತ ಉಳಿದದ್ದು ಬರಸ್ಕೊಂಡು, ಮನಿಯಿಂದ ಹೊರಗ ಹಾಕಿದ್ರು."

ಯಾರೋ ಕೆಮ್ಮಿದರು.

"ಅಜ್ಜನೂ ಸಾಚಾ ಅಲ್ಲ ಅಂತಾಳ. ಮಣ್ಣು ತುಳದು ಈ ಇಟ್ಟಿಗಿ ಮಾಡಿದವರು ಇಲ್ಲಿಯ ಮೂಲಮಂದಿ. ಅವರಿಗೆ ಆತ ಒಂದು ತುಂಡು ನೆಲಾನೂ ಬಿಡಲಿಲ್ಲಂತ."

"ಈಕೆಗೆ ಸ್ಪ್ಯಾನಿಷ್ ಸರಿಯಾಗಿ ಬರಲ್ಲ," ಎಂದು ದೇವೇಂದ್ರಪ್ಪ ನಕ್ಕ. ಯಾರೂ ನಗಲಿಲ್ಲ.

ಫಾಸ್ಟರ್ ಸಿಟಿಯಿಂದ ಬಂದಿದ್ದ ಕಾವ್ಯಾ ಕೇಳಿದಳು: "ಹಾಲ್ ದೊಡ್ಡದಾದ್ಮೇಲೆ ಇವರು ಎಲ್ಲಿರ್ತಾರೆ?"

ಖುರ್ಷಿದಾ ಆ ಪ್ರಶ್ನೆಯನ್ನು ಎಸ್ತೆಲಾಗೆ ತಿಳಿಸಿದಳು. ಎಸ್ತೆಲಾ ಶಾಲು ತೆಗೆದು ಕುರ್ಚಿಯ ಮೇಲಿಟ್ಟು ದೇವೇಂದ್ರಪ್ಪನನ್ನೇ ನೋಡಿದಳು. ಊಟ ಬಡಿಸಲು ಬಂದಿದ್ದ ಹುಡುಗರೂ ಕೈ ನಿಲ್ಲಿಸಿ ಅತ್ತ ತಿರುಗಿದರು.

"ಹೇಳ್ರಿ ಸರ," ಎಂದಳು ಖುರ್ಷಿದಾ. "ನೀವು ಏನ್ ಹೇಳತೀರೋ ಹಂಗ ಆಕಿಗೆ ಹೇಳತೀನಿ. ಒಂದು ಅಕ್ಷರ ಬದಲ ಮಾಡಂಗಿಲ್ಲ."