ಮ ಬುಟ್ಟಿಯ ಬಾಚಣಿಗೆ

ಆಟ ಸುಲಭದ್ದು. ಪ, ಬ, ಮ ಅಂತ ಮೂರು ಬುಟ್ಟಿ. ನಾನು ಹೇಳಿದ ಸದ್ದಿನಿಂದ ಶುರುವಾಗುವ ಸಾಮಾನೊಂದನ್ನು ಮಕ್ಕಳು ಮನೆಯಿಂದ ತಂದು, ಅದರ ಹೆಸರು ಕೂಗಿ, ಆ ಬುಟ್ಟಿಗೆ ಹಾಕಬೇಕು. ಇದರಲ್ಲಿ ತಲೆ ಕೆಡುವಂಥದ್ದು ಏನಿದೆ? ಆದರೆ ಚೂಟಿ ಎಂಬ ಹುಡುಗಿ ನನ್ನ ತಲೆಯನ್ನು ಮೊಸರು ಗಡಿಗೆ ಮಾಡಿಬಿಟ್ಟಳು.

ಮ ಅಂದ ದಿನ ಬಟ್ಟಲು ತಂದಳು. ಬ ಅಂದ ದಿನ ತನಗಿಂತ ಉದ್ದದ ಪೊರಕೆ ಎಳೆದುಕೊಂಡು ಬಂದಳು. "ಪೊರಕೆ!" ಎಂದು ಸ್ಪಷ್ಟವಾಗಿ ಕೂಗಿ ಬ ಬುಟ್ಟಿಗೆ ತುರುಕಿದಳು. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು.

"ಇದು ಯಾಕೆ ಇದ್ರಲ್ಲಿ?"

"ಅಮ್ಮ ಕೊಟ್ಟಿದ್ದು ಮಿಸ್."

ಆಹಾ, ಅಮ್ಮ ಕೊಟ್ಟರೆ ಪೊರಕೆ ಬೊರಕೆ ಆಗುತ್ತದೆಯೇ! ಕಿವಿ ಮಂದವೇನೋ ಎಂದು ಪರೀಕ್ಷಿಸಿದೆ. ಕಣ್ಣು ಮುಚ್ಚಿಸಿ ಒಂದೊಂದೇ ಮಾತು ಹೇಳುವುದು, ಬ ಕೇಳಿದರೆ ಮಕ್ಕಳು ಕುಪ್ಪಳಿಸುವುದು. ಎಲ್ಲರಿಗಿಂತ ಮೊದಲು ಹಾರಿದ್ದು ಚೂಟಿಯೇ, ಒಂದೂ ತಪ್ಪಿಲ್ಲ. ಹಾಗಾದರೆ ಈ ಹುಡುಗಿ ನನ್ನನ್ನೇ ಆಟ ಆಡಿಸುತ್ತಿದ್ದಾಳೆಯೇ? ಸಿಟ್ಟು ಬಂತು. ಏನೂ ತಿಳಿಯಲೂ ಇಲ್ಲ.

ಹೆಡ್ ಮಿಸ್‌ಗೆ ಅಷ್ಟು ತಾಳ್ಮೆ ಇರಲಿಲ್ಲ. "ಆಟದಲ್ಲೇ ಹೀಗಾದ್ರೆ ಓದೋಕೆ ಕೂತಾಗ ಏನ್ ಗತಿ? ಶುಕ್ರವಾರ ತಾಯಂದಿರು ಬರ್ತಾರಲ್ಲ, ಅವತ್ತೂ ತಪ್ಪಿದ್ರೆ ಚಿಕ್ಕ ಮಕ್ಕಳ ಕ್ಲಾಸಿಗೇ ವಾಪಸ್ ಕಳಿಸ್ತೀನಿ," ಎಂದರು.

ಶುಕ್ರವಾರ ಚೂಟಿಯ ಅಮ್ಮ ಬಂದಳು. ಬಟ್ಟೆ ಹೊಲಿಯುವವಳು, ತೋಳಿಗೆ ನೂಲಿನ ಎಳೆಗಳು ಅಂಟಿದ್ದವು. ಬಾಗಿಲ ಬಳಿ ತಾಯಿ ಮಗಳು ಮಾತಾಡುತ್ತಿದ್ದರು. ತುಟಿ ಆಡುತ್ತಿತ್ತು, ಸದ್ದೇ ಇರಲಿಲ್ಲ.

"ಅವ್ರಿಗೆ ಹುಟ್ಟಿದಾಗಿಂದ ಕಿವಿ ಕೇಳ್ಸಲ್ಲ ಮಿಸ್," ಎಂದಳು ಆಯಾ. "ತುಟಿ ನೋಡಿ ತಿಳ್ಕೊತಾರೆ. ಶಾಲೆಗೂ ಹೋದವ್ರಲ್ಲ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನೀವೆಲ್ಲಿ ಕೇಳಿದ್ರಿ?"

ಕಿಟಕಿಯ ಗಾಜಿನ ಮುಂದೆ ನಿಂತು ಸದ್ದು ಮಾಡದೆ ಪ, ಬ, ಮ ಎಂದು ನೋಡಿಕೊಂಡೆ. ತುಟಿ ಮೂರಕ್ಕೂ ಒಂದೇ ಥರ ಮುಚ್ಚಿ ತೆರೆಯಿತು. ಆ ತಾಯಿಯ ಪಾಲಿಗೆ ಮೂರು ಬುಟ್ಟಿಯೂ ಒಂದೇ. ಮಗಳ ತುಟಿ ನೋಡಿ ಸಾಮಾನು ಆರಿಸಿ ಕೊಡುತ್ತಿದ್ದವಳೂ ಅವಳೇ. ಅದೇನೋ ಸರಿ, ಆದರೆ ಮಗಳಿಗೆ ಕಿವಿ ಚುರುಕಾಗಿಯೇ ಇದೆಯಲ್ಲ! ನನ್ನ ಗೊಂದಲ ಮತ್ತೆ ಮೊದಲಿನ ಜಾಗಕ್ಕೇ ಬಂದು ಕೂತಿತು.

ಅಂದಿನ ಸದ್ದು ಮ. ಅಮ್ಮ ಚೀಲದಿಂದ ಹೆಮ್ಮೆಯಿಂದ ಒಂದು ಬಾಚಣಿಗೆ ತೆಗೆದು ಕೊಟ್ಟಳು. "ಬಾಚಣಿಗೆ," ಎಂದಳು ಚೂಟಿ. ಅವಳ ಕೈ ಬ ಬುಟ್ಟಿಯ ಮೇಲೆ ಒಂದು ಗಳಿಗೆ ನಿಂತಿತು. ಹಾಕೇ ನನ್ನಮ್ಮ, ಅಲ್ಲೇ ಹಾಕು ಎಂದು ಮನಸ್ಸಿನಲ್ಲೇ ಗೋಗರೆದೆ. ಅವಳು ಅಮ್ಮನ ಮುಖ ನೋಡಿದಳು. ಮ ಬುಟ್ಟಿಗೆ ಹಾಕಿದಳು.

ಅಮ್ಮ ಚಪ್ಪಾಳೆ ತಟ್ಟಿದಳು. ಹೆಡ್ ಮಿಸ್ ನನ್ನ ಕಡೆ ನೋಡಿ ಊಹೂಂ ಎಂದು ತಲೆಯಾಡಿಸಿದರು.

ಚೂಟಿ ನನ್ನ ಬೆರಳು ಜಗ್ಗಿ ನನ್ನನ್ನು ಬಗ್ಗಿಸಿದಳು. ಅಮ್ಮನಿಗೆ ತುಟಿ ಕಾಣದಂತೆ ಅಂಗೈ ಅಡ್ಡ ಹಿಡಿದಳು.

"ಅದು ಬ ಬುಟ್ಟೀದು ಅಂತ ನಂಗೊತ್ತು ಮಿಸ್. ಅಮ್ಮ ಹೋದ್ಮೇಲೆ ತೆಗ್ದು ಹಾಕ್ತೀನಿ."

ನಾನೂ ಬಾಯಿಗೆ ಕೈ ಅಡ್ಡ ಹಿಡಿದೆ. "ಈಗ್ಲೇ ಹಾಕ್ಬಿಡೇ ಪುಟ್ಟಿ. ಇಲ್ದಿದ್ರೆ ಚಿಕ್ಕ ಕ್ಲಾಸಿಗೆ ಕಳಿಸ್ತಾರೆ."

"ಕಳಿಸ್ಲಿ ಮಿಸ್," ಎಂದಳು. "ಅಮ್ಮ ನೋಡ್ತಿದಾಳೆ."